ನಾರ್ಮಲ್ ಅಕ್ಕ

ಅಧ್ಯಕ್ಷತೆ ವಹಿಸಿರುವ ನಮ್ಮ ಸಂಸ್ಥೆಯ ನಿರ್ದೇಶಕರೇ, ದೂರದಿಂದ ಬಂದು ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಒಳ್ಳೆಯ ಸಂಗತಿಗಳನ್ನು ತಿಳಿಸಿಕೊಟ್ಟ ಮುಖ್ಯ ಅತಿಥಿಗಳೇ, ವೇದಿಕೆಯ ತುದಿಯಲ್ಲಿ ಕುಳಿತು ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ನಮ್ಮ ಥೈರಾಯ್ಡ್ ಚಿಕಿತ್ಸಾಲಯದ ವೈದ್ಯರೇ, ನನ್ನ ಪ್ರಯೋಗಾಲಯದ ಸಹೋದ್ಯೋಗಿಗಳೇ, ಸೂಜಿ ಕಂಡರೆ ಹೆದರಿಕೆಯಾದರೂ ನಮ್ಮ ಸಂಶೋಧನೆಗಾಗಿ ತೋಳು ಚಾಚಿದ ರೋಗಿಗಳೇ, ಅವರ ಮನೆಯವರೇ, ಊಟದ ಪರಿಮಳ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಎಲ್ಲ ಸಭಿಕರೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ಭಾಷಣದ ವಿಷಯ ‘ಥೈರಾಯ್ಡ್ ಸಂಶೋಧನೆ ಮತ್ತು ಚಿಕಿತ್ಸೆ: ನಾವು ನಡೆದು ಬಂದ ದಾರಿ’ ಎಂದು ಅಚ್ಚಾಗಿದೆ. ವಿಷಯ ಕೊಟ್ಟವರು ನಿರ್ದೇಶಕರು. ನಿವೃತ್ತಿಯ ದಿನ ಒಬ್ಬ ಹೆಂಗಸಿನ ಕೈಗೆ ಮೈಕು ಕೊಟ್ಟರೆ ಅವಳು ಕೊಟ್ಟ ವಿಷಯದ ಮೇಲೆಯೇ ಮಾತಾಡುತ್ತಾಳೆಂದು ನಂಬುವಷ್ಟು ಒಳ್ಳೆಯವರು ಅವರು. ನಾನು ಪ್ರಯತ್ನ ಪಡುತ್ತೇನೆ. ಕಾಗದದ ಮೇಲೆ ಬರೆದುಕೊಂಡೂ ಬಂದಿದ್ದೇನೆ.

ಅವರು ಈಗತಾನೇ ನನ್ನ ಸಹನೆಯನ್ನು ಕೊಂಡಾಡಿದರು. ‘ಇಷ್ಟು ವರ್ಷಗಳಲ್ಲಿ ಇವರು ಯಾರ ಮೇಲೂ ದನಿ ಎತ್ತಿದ್ದನ್ನು ನಾನು ಕೇಳಿಲ್ಲ’ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ನಾನೂ ತಲೆಬಾಗಿ ಸ್ವೀಕರಿಸಿದೆ. ಆದರೆ ವಿಜ್ಞಾನದ ಕೆಲಸ ಮಾಡಿದವಳಾಗಿ ಒಂದು ತಿದ್ದುಪಡಿ ಸೂಚಿಸಲೇಬೇಕು. ಆ ಸಹನೆಯ ಬಹುಪಾಲು ನನ್ನದಲ್ಲ. ಅದು ಇಲ್ಲಿ, ಈ ಕುತ್ತಿಗೆಯಲ್ಲಿರುವ ಗ್ರಂಥಿಯದು. ಅದು ಕೆಲಸ ನಿಲ್ಲಿಸಿತ್ತು. ಕೆಲಸ ನಿಲ್ಲಿಸಿದವರಿಗೆ ಸನ್ಮಾನ ಮಾಡುವುದು ಸಂಸ್ಥೆಗಳಲ್ಲಿ ಹೊಸದೇನಲ್ಲ, ಬಿಡಿ.

ರೋಗಿಗಳ ಮನೆಯವರು ಇರುವುದರಿಂದ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಥೈರಾಯ್ಡ್ ಚಿಟ್ಟೆಯ ಆಕಾರದಲ್ಲಿದೆ ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಅಂಥ ಚಿಟ್ಟೆಯನ್ನು ನಾನಂತೂ ಎಲ್ಲೂ ನೋಡಿಲ್ಲ. ಅದರ ಕೆಲಸ ಮೈಯ ಒಲೆಯನ್ನು ಹದವಾಗಿ ಉರಿಸುವುದು. ಉರಿ ಹೆಚ್ಚಾದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಉರಿ ಕಡಿಮೆಯಾದರೆ ಚಳಿ, ಜಡ, ನಿದ್ದೆ, ಮೈ ಭಾರ, ಮನಸ್ಸು ಮಂಕು. ಗ್ರಂಥಿ ಹೀಗೆ ಮಂಕಾದಾಗ ತಲೆಯೊಳಗಿಂದ ಒಂದು ರಸ ಬರುತ್ತದೆ. ಬೆಳಗ್ಗೆ ಏಳದ ಮಕ್ಕಳನ್ನು ತಾಯಿ ಅಡುಗೆಮನೆಯಿಂದಲೇ ಕೂಗಿ ಎಬ್ಬಿಸುತ್ತಾಳಲ್ಲ, ಹಾಗೆ. ಮಗು ಏಳದಷ್ಟೂ ಕೂಗು ಜೋರಾಗುತ್ತದೆ. ಆ ಕೂಗು ಎಷ್ಟು ಜೋರಾಗಿದೆ ಎಂದು ರಕ್ತದಲ್ಲಿ ಅಳೆಯುವುದೇ ನನ್ನ ಜೀವಮಾನದ ಕೆಲಸವಾಗಿತ್ತು. ಊರಿನವರ ತಲೆಯೊಳಗಿನ ಕೂಗನ್ನೆಲ್ಲ ನಾನು ಕೇಳಿಸಿಕೊಂಡಿದ್ದೇನೆ. ಒಬ್ಬರದನ್ನು ಬಿಟ್ಟು.

ಅದು ಹೇಗೆ ತಪ್ಪಿತು ಎಂದು ಹೇಳಬೇಕಾದರೆ ನಮ್ಮ ಹಳೆಯ ಪ್ರಯೋಗಾಲಯದ ಪದ್ಧತಿಯೊಂದನ್ನು ಹೇಳಬೇಕು. ಈಗಿನ ಹಾಗೆ ರಕ್ತ ಇಟ್ಟು ಗುಂಡಿ ಒತ್ತಿದರೆ ಸಂಖ್ಯೆ ಬರುವ ಕಾಲವಲ್ಲ ಅದು. ಕಾರಿಡಾರಿನ ಕೊನೆಯ ಕೋಣೆ, ಗಾಜಿನ ನಳಿಕೆಗಳ ಸಾಲು, ವಿಕಿರಣ ಎಣಿಸುವ ಪೆಟ್ಟಿಗೆ. ಯಂತ್ರ ಕೆಡಬಾರದೆಂದು ಕೋಣೆಯನ್ನು ವರ್ಷವಿಡೀ ತಣ್ಣಗಿಡುತ್ತಿದ್ದರು. ಯಂತ್ರಕ್ಕೆ ಸೆಕೆಯಾಗಬಾರದು, ಮನುಷ್ಯರಿಗೆ ನೆಗಡಿಯಾದರೆ ಚಿಂತೆಯಿಲ್ಲ. ಪ್ರತಿದಿನ ರೋಗಿಗಳ ರಕ್ತದ ಜೊತೆಗೆ ಒಬ್ಬ ಆರೋಗ್ಯವಂತರ ರಕ್ತವನ್ನೂ ಪರೀಕ್ಷೆಗಿಡಬೇಕು. ಅದರ ಸಂಖ್ಯೆ ನಿನ್ನೆ ಬಂದ ಹಾಗೆಯೇ ಇವತ್ತೂ ಬಂದರೆ ಯಂತ್ರದ ತಲೆ ನೆಟ್ಟಗಿದೆ ಎಂದರ್ಥ. ಆ ರಕ್ತದ ಬಾಟಲಿಗೆ ‘ನಾರ್ಮಲ್’ ಎಂದು ಚೀಟಿ ಅಂಟಿಸಿ ಫ್ರೀಜರಿನಲ್ಲಿ ಇಡುತ್ತಿದ್ದೆವು.

ಆರೋಗ್ಯವಂತರು ಎಲ್ಲಿ ಸಿಗುತ್ತಾರೆ? ಹೊರಗಿನವರನ್ನು ಕೇಳಿದರೆ ನೂರು ಪ್ರಶ್ನೆ. ಹಾಗಾಗಿ ಸಿಬ್ಬಂದಿಯಾದ ನಾವೇ ತೋಳು ಚಾಚುತ್ತಿದ್ದೆವು. ಮೊದಲು ನಾಲ್ಕಾರು ಜನರ ರಕ್ತ ಸೇರಿಸಿ ಬಾಟಲಿ ತುಂಬುತ್ತಿದ್ದೆವು. ಆಮೇಲೆ ಒಬ್ಬರು ಬಸುರಿಯಾದರು, ಒಬ್ಬರಿಗೆ ವರ್ಗವಾಯಿತು, ಒಬ್ಬರು ಬೇರೆ ಯಾವುದೋ ಮಾತ್ರೆ ಶುರು ಮಾಡಿದರು. ಲೆಕ್ಕಪತ್ರ ವಿಭಾಗದ ದಪ್ಪ ಮೀಸೆಯವರು ಸೂಜಿ ಚರ್ಮಕ್ಕೆ ತಾಗುವ ಮೊದಲೇ ನೆಲಕ್ಕೆ ಬಿದ್ದರು. ಅವರು ಇಲ್ಲೇ ಎಲ್ಲೋ ಕೂತಿದ್ದಾರೆ, ಹುಡುಕಬೇಡಿ. ಕೊನೆಗೆ ಉಳಿದವಳು ನಾನು. ಬಾಟಲಿ ಮುಗಿದ ಹಾಗೆಲ್ಲ ನನ್ನ ರಕ್ತ. ಆಗಿನ ನಿರ್ದೇಶಕರು, ನಾವು ‘ದೊಡ್ಡ ಸಾರ್’ ಅನ್ನುತ್ತಿದ್ದೆವು, ನನ್ನ ಬೆನ್ನು ತಟ್ಟಿ ಹೇಳಿದ್ದರು: “ನೀನಿರೋ ತನಕ ಈ ಲ್ಯಾಬಿಗೆ ಚಿಂತೆ ಇಲ್ಲಮ್ಮ.” ಅಂದಿನಿಂದ ನಾನು ‘ನಾರ್ಮಲ್ ಅಕ್ಕ’. ಹೊಸದಾಗಿ ಸೇರಿದವರಲ್ಲಿ ಎಷ್ಟೋ ಜನಕ್ಕೆ ನನ್ನ ನಿಜವಾದ ಹೆಸರು ಇವತ್ತಿನ ಆಹ್ವಾನ ಪತ್ರಿಕೆ ನೋಡಿದ ಮೇಲೆಯೇ ಗೊತ್ತಾಗಿದ್ದು.

ಇನ್ನು ನನ್ನ ತಂಗಿಯ ವಿಷಯ. ಇದು ಕಾಗದದಲ್ಲಿ ಒಂದೇ ಸಾಲಿದೆ. ‘ನನ್ನ ಕುಟುಂಬದಲ್ಲೂ ಈ ಕಾಯಿಲೆಯನ್ನು ಹತ್ತಿರದಿಂದ ಕಂಡಿದ್ದೇನೆ’ ಎಂದು. ಆ ಸಾಲನ್ನು ಓದಿ ಮುಂದೆ ಹೋಗಬಹುದಿತ್ತು.

ತಂಗಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಅಂಗಡಿ. ನಮ್ಮ ಪ್ರಯೋಗಾಲಯದ ಬಿಳಿ ಕೋಟುಗಳನ್ನೆಲ್ಲ ಅವಳೇ ಹೊಲಿದುಕೊಟ್ಟಿದ್ದಳು. ಜೇಬು ಮಾತ್ರ ಸಣ್ಣದಾಗಿಡುತ್ತಿದ್ದಳು. “ದೊಡ್ಡ ಜೇಬು ಇಟ್ರೆ ನೀವು ವಿಜ್ಞಾನಿಗಳು ಪೆನ್ನು ಕದ್ದು ತುಂಬ್ಕೋತೀರ” ಅನ್ನುತ್ತಿದ್ದಳು. ಒಂದು ಬೇಸಿಗೆಯಲ್ಲಿ ಅವಳಿಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಬೆರಳು ಅಷ್ಟು ನಡುಗುತ್ತಿತ್ತು. ಬಟ್ಟೆಯ ಮೇಲೆ ಬೆವರಿನ ಕಲೆ, ಗಿರಾಕಿಗಳ ಮೇಲೆ ಕೂಗಾಟ. ಹೊಟ್ಟೆ ತುಂಬ ಉಂಡರೂ ಮೈ ಕಡ್ಡಿಯಾಗುತ್ತ ಬಂತು. ನಾನೇ ರಕ್ತ ತೆಗೆದೆ, ನಾನೇ ನಳಿಕೆಗೆ ಹಾಕಿದೆ. ಒಂದು ಕಡೆ ನನ್ನ ನಾರ್ಮಲ್ ರಕ್ತ, ಅದರ ಪಕ್ಕದಲ್ಲೇ ಅವಳದು. ಅವಳ ಗ್ರಂಥಿ ಹುಚ್ಚೆದ್ದು ಉರಿಯುತ್ತಿತ್ತು. ಆಗ ಪ್ರಯೋಗಾಲಯದ ಯಾರೋ ತಮಾಷೆಗೆ ‘ನಾರ್ಮಲ್ ಅಕ್ಕ, ಅಬ್‌ನಾರ್ಮಲ್ ತಂಗಿ’ ಎಂದರು. ನಾನು ಅದನ್ನು ಮನೆಗೆ ಬಂದು ಅವಳಿಗೂ ಹೇಳಿದೆ. ಅವಳು ನಗಲಿಲ್ಲ.

ಮಾತ್ರೆ ಶುರುವಾಯಿತು. ಆದರೆ ಆ ಕಾಯಿಲೆ ಹಟಮಾರಿ. ತಗ್ಗಿದಂತೆ ಮಾಡಿ ಮತ್ತೆ ಏಳುತ್ತದೆ. ಅಮ್ಮ, ನಾನು, ಅವಳು, ಮೂವರಿದ್ದ ಮನೆಯಲ್ಲಿ ಕಿಟಕಿಯೇ ದೊಡ್ಡ ವ್ಯಾಜ್ಯ. ಅವಳು ತೆಗೆಯುತ್ತಿದ್ದಳು, ನಾನು ಮುಚ್ಚುತ್ತಿದ್ದೆ. “ಸೆಕೆಗೆ ಸಾಯ್ತಿದೀನಿ, ತೆಗಿ!” “ಚಳಿ ಕಣೆ, ಮುಚ್ಚು.” ಅಮ್ಮ ನಡುವೆ ಕೂತು ಅರ್ಧ ತೆಗೆದಿಡುತ್ತಿದ್ದರು. ಅದರಿಂದ ಇಬ್ಬರಿಗೂ ಸಮಾಧಾನವಿಲ್ಲ. ಈಗ ಯೋಚಿಸಿದರೆ ನಗು ಬರುತ್ತದೆ. ಅವಳ ಸೆಕೆಗೆ ಕಾಯಿಲೆ ಎಂಬ ಹೆಸರಿತ್ತು. ನನ್ನ ಚಳಿಗೆ ಹೆಸರೇ ಇರಲಿಲ್ಲ, ಏಕೆಂದರೆ ನಾನು ನಾರ್ಮಲ್. ಇಡೀ ದಿನ ತಣ್ಣಗಿನ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುವವಳಿಗೆ ಚಳಿಯಾದರೆ ಯಾರಿಗೆ ಅನುಮಾನ ಬರುತ್ತದೆ, ಹೇಳಿ?

ಅವಳು ಜಗಳಕ್ಕೆ ನಿಂತಾಗಲೆಲ್ಲ ನನ್ನದು ಒಂದೇ ಮಾತು: “ಇದು ನೀನಲ್ಲ ಕಣೆ, ನಿನ್ನ ಥೈರಾಯ್ಡ್ ಮಾತಾಡ್ತಿದೆ.” ಒಳ್ಳೆಯದಕ್ಕೇ ಹೇಳುತ್ತಿದ್ದೆ. ರೋಗಿಗಳ ಮನೆಯವರಿಗೆ ನಾವು ಇವತ್ತಿಗೂ ಹಾಗೇ ಹೇಳುತ್ತೇವೆ: ಅವರ ಸಿಟ್ಟನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅದು ಕಾಯಿಲೆ. ಆದರೆ ಅವಳು ಹಾಲು ಒಡೆದದ್ದಕ್ಕೆ ಸಿಡುಕಿದರೂ ಅದೇ ಮಾತು, ನಾನು ಅವಳ ಕತ್ತರಿಯಲ್ಲಿ ರಟ್ಟು ಕತ್ತರಿಸಿ ಮೊಂಡು ಮಾಡಿದ್ದಕ್ಕೆ ಕೂಗಿದರೂ ಅದೇ ಮಾತು. ಒಮ್ಮೆ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದಳು: “ನಂದು ಅಂತ ಒಂದು ಕೋಪಾನಾದ್ರೂ ಬಿಟ್ಟುಕೊಡೇ ಅಕ್ಕ.” ನಾನು ಏನು ಮಾಡಿದೆ ಗೊತ್ತೇ? ಅವಳ ನಾಡಿ ಹಿಡಿದು ನೋಡಿದೆ.

ಕೊನೆಗೆ ವಿಕಿರಣಶೀಲ ಅಯೋಡಿನ್ ಕೊಡುವುದೆಂದಾಯಿತು. ನಿಮ್ಮಲ್ಲಿ ಕೆಲವರು ಅದನ್ನು ಕುಡಿದಿದ್ದೀರಿ. ನೋವಿಲ್ಲ, ರುಚಿಯೂ ಇಲ್ಲ. ಆದರೆ ಕುಡಿದ ಮೇಲೆ ಒಂದಷ್ಟು ದಿನ ಯಾರ ಹತ್ತಿರವೂ ಸುಳಿಯಬಾರದು. ಬೇರೆ ಕೋಣೆ, ಬೇರೆ ತಟ್ಟೆ. ಆ ದಿನಗಳಲ್ಲಿ ಅವಳು ಬಾಗಿಲ ಒಳಗೆ, ನಾನು ಬಾಗಿಲಿನಾಚೆ ನಡುಮನೆಯ ಆ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಒಳಗಿಂದ ಕೂಗುತ್ತಿದ್ದಳು: “ಅಕ್ಕಾ, ಇದೀಯಾ?” “ಇದೀನಿ.” “ಏನಾದ್ರೂ ಹೇಳೇ.” “ಏನು ಹೇಳ್ಲಿ?” “ಏನಾದ್ರೂ.” ನನಗೆ ಹೇಳುವುದಕ್ಕೆ ಏನೂ ತೋಚುತ್ತಿರಲಿಲ್ಲ. ಹಾಗಾಗಿ ನಾನು ಆಗ ಬರೆಯುತ್ತಿದ್ದ ಸಂಶೋಧನಾ ಲೇಖನವನ್ನೇ ಗಟ್ಟಿಯಾಗಿ ಓದುತ್ತಿದ್ದೆ. ಸ್ವಲ್ಪ ಹೊತ್ತು ಕೇಳಿ, “ಇದಕ್ಕಿಂತ ವಿಕಿರಣಾನೇ ವಾಸಿ” ಅನ್ನುತ್ತಿದ್ದಳು. ನಾವಿಬ್ಬರೂ ಜಗಳವಾಡದೆ ಮಾತಾಡಿದ್ದು ಆ ಬಾಗಿಲು ನಡುವೆ ಇದ್ದಾಗ ಮಾತ್ರ.

ಆ ಲೇಖನ ಯಾವುದೆಂದು ಹೇಳಿಬಿಡುತ್ತೇನೆ. ಒಂದೇ ಮನೆಯಲ್ಲಿ ಥೈರಾಯ್ಡ್ ಕಾಯಿಲೆ ಹೇಗೆ ಹರಡಿರುತ್ತದೆ ಎಂಬುದು. ಅಕ್ಕತಂಗಿಯರಲ್ಲಿ ಒಬ್ಬಳಿಗೆ ಗ್ರಂಥಿ ಉರಿದರೆ ಇನ್ನೊಬ್ಬಳಿಗೆ ಅದು ಆರಿಹೋಗಬಹುದು, ಎರಡೂ ಒಂದೇ ಬೇರಿನವು, ಆದ್ದರಿಂದ ರೋಗಿಯ ಒಡಹುಟ್ಟಿದವರನ್ನು ತಪ್ಪದೆ ಪರೀಕ್ಷಿಸತಕ್ಕದ್ದು. ಕೊನೆಯ ಪ್ಯಾರಾ. ಬರೆದವಳು ನಾನು. ಅದಕ್ಕೆ ಬಹುಮಾನ ಪಡೆದವಳೂ ನಾನು. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಆ ಗಾದೆ ಮಾಡಿದವರು ನಮ್ಮ ಪ್ರಯೋಗಾಲಯವನ್ನು ನೋಡಿಯೇ ಮಾಡಿರಬೇಕು.

ತಂಗಿಗೆ ವಾಸಿಯಾಯಿತು. ಅಯೋಡಿನ್ ಕುಡಿದವರ ಗ್ರಂಥಿ ಹಲವು ಸಲ ಪೂರ್ತಿ ಆರಿಹೋಗುತ್ತದೆ. ಆಗ ಅದು ಮಾಡಬೇಕಾದ ಕೆಲಸವನ್ನು ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಒಂದು ಪುಟ್ಟ ಗುಳಿಗೆ ಮಾಡುತ್ತದೆ. ಅವಳು ಗುಳಿಗೆ ನುಂಗಿದಳು, ಮೈ ತುಂಬಿಕೊಂಡಳು, ಮತ್ತೆ ಸೂಜಿಗೆ ದಾರ ಪೋಣಿಸಿದಳು.

ಆಮೇಲೆ ಅಮ್ಮ ತೀರಿಕೊಂಡರು.

ನಾನು ಅಳಲಿಲ್ಲ. ಅದನ್ನು ನೀವೆಲ್ಲ ಸ್ಥೈರ್ಯ ಎಂದಿರಿ. ಬಂದವರೆಲ್ಲ ‘ಅಕ್ಕನನ್ನು ನೋಡಿ ಕಲೀಬೇಕು’ ಎಂದು ತಂಗಿಗೆ ಬುದ್ಧಿ ಹೇಳಿಹೋದರು. ನಾನು ಬೇಗನೆ ಕೆಲಸಕ್ಕೆ ಬಂದೆ. ಮನೆಯಲ್ಲಿ ಅಮ್ಮನ ಕೋಣೆ ಖಾಲಿ ಬಿದ್ದಿತ್ತು. ನನ್ನ ಹಳೆಯ ಪತ್ರಿಕೆಗಳಿಗೆ ಜಾಗವಿರಲಿಲ್ಲ. ಗುಜರಿಯವನು ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದ, ಕರೆದು ಅಮ್ಮನ ಮಂಚ ಕೊಟ್ಟುಬಿಟ್ಟೆ. ಅದರಲ್ಲಿ ತಪ್ಪೇನಿದೆ ಎಂದು ಆಗ ನನಗೆ ನಿಜಕ್ಕೂ ತಿಳಿಯಲಿಲ್ಲ. ಜಾಗ ಬೇಕಿತ್ತು, ಮಂಚ ಅಡ್ಡವಿತ್ತು. ತಂಗಿ ಬಟ್ಟೆ ತರಲು ಪೇಟೆಗೆ ಹೋಗಿದ್ದಳು. ಬಂದು ನೋಡಿದಳು. ಅವಳು ಅವತ್ತು ಕೂಗಿದ್ದು ಎದುರು ಮನೆಗೂ ಕೇಳಿಸಿತು. ಎಲ್ಲ ಕೂಗಿ ಮುಗಿದ ಮೇಲೆ ನಾನು ಹೇಳಿದೆ: “ನಾಳೆ ಬೆಳಗ್ಗೆ ಲ್ಯಾಬಿಗೆ ಬಾ. ರಕ್ತ ತೆಗೀತೀನಿ. ಗುಳಿಗೆ ಡೋಸು ಹೆಚ್ಚಾಗಿರಬೇಕು.”

ಮರುದಿನ ಬಂದಳು. ತೋಳು ಚಾಚಿದಳು. ಪರೀಕ್ಷೆ ಮುಗಿಯುವವರೆಗೂ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದಳು. ಫಲಿತಾಂಶ ಬಂತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಎಲ್ಲವೂ ಸರಿ.

“ಈಗ ಹೇಳು,” ಅಂದಳು. “ಈ ಕೋಪ ಯಾರದು?”

ನಾನು ವರದಿಯ ಹಾಳೆ ಮಡಿಸಿ ಕೋಟಿನ ಸಣ್ಣ ಜೇಬಿಗೆ ತುರುಕಿದೆ.

“ನಾನು ಮನೆ ಬಿಟ್ಟು ಹೋಗ್ತೀನಿ ಅಕ್ಕ. ನಿಂಗೆ ಏನೂ ಅನ್ಸಲ್ವಾ?”

ನಾನು ಯೋಚಿಸಿ ನೋಡಿದೆ. ನಿಜಕ್ಕೂ ಯೋಚಿಸಿದೆ, ಸಭಿಕರೇ. ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನನ್ನ ಅಭ್ಯಾಸ. ಒಳಗೆ ಹುಡುಕಿದೆ, ಏನೂ ಸಿಗಲಿಲ್ಲ. “ಇಲ್ಲ” ಅಂದೆ. ಅವಳು ಹೊಲಿಗೆ ಯಂತ್ರವನ್ನು ಗಾಡಿಗೆ ಹಾಕಿಸಿಕೊಂಡು ಬೇರೆ ಊರಿಗೆ ಹೋದಳು. ಅವಳ ಹಳೆಯ ಗೆಳತಿಯೊಬ್ಬಳು ಅಲ್ಲಿ ಅಂಗಡಿ ಇಟ್ಟಿದ್ದಳು. ನಾನು ಅವತ್ತು ರಾತ್ರಿ ಕಿಟಕಿ ಮುಚ್ಚಿ ಚೆನ್ನಾಗಿ ನಿದ್ದೆ ಮಾಡಿದೆ.

ಆಮೇಲಿನ ವರ್ಷಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನಿರ್ದೇಶಕರು ಹೊಗಳಿದ್ದು ಆ ವರ್ಷಗಳನ್ನೇ. ಮನೆ, ಬಸ್ಸು, ಕಾರಿಡಾರು, ತಣ್ಣಗಿನ ಕೋಣೆ, ಮತ್ತೆ ಬಸ್ಸು. ನಾನು ಒಂಟಿ ಎಂದು ಜನ ಮರುಗುತ್ತಿದ್ದರು. ಅದು ವ್ಯರ್ಥ ಮರುಕ. ಒಂಟಿ ಅನಿಸಬೇಕಾದರೆ ಇನ್ನೊಬ್ಬರು ಬೇಕು ಅನಿಸಬೇಕು. ನನಗೆ ಯಾರೂ ಬೇಕೆನಿಸುತ್ತಿರಲಿಲ್ಲ. ಇಡೀ ಊರಿನಲ್ಲಿ ನನ್ನಷ್ಟು ನೆಮ್ಮದಿಯ ಹೆಂಗಸು ಇರಲಿಲ್ಲ.

ಹೀಗಿರುವಾಗ ಹೊಸ ಯಂತ್ರ ಬಂತು. ಅದನ್ನು ಜೋಡಿಸಲು ಬಂದ ಇಂಜಿನಿಯರು ಪರೀಕ್ಷೆಗೆಂದು ಕೈಗೆ ಸಿಕ್ಕ ಬಾಟಲಿಗಳನ್ನೆಲ್ಲ ಒಳಗಿಟ್ಟರು. ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದು, “ಮೇಡಂ, ಒಂದು ಸ್ಯಾಂಪಲ್ ರಿಸಲ್ಟ್ ತುಂಬಾ ಕೆಟ್ಟದಾಗಿದೆ. ಈ ಪೇಷಂಟಿಗೆ ಈಗ್ಲೇ ಫೋನ್ ಮಾಡಿ, ಟ್ರೀಟ್ಮೆಂಟ್ ಶುರು ಮಾಡ್ಬೇಕು” ಎಂದರು. ನಾನು ಬಾಟಲಿ ನೋಡಿದೆ. “ಇದು ಪೇಷಂಟ್ ಅಲ್ಲ, ನಾರ್ಮಲ್” ಎಂದೆ. ಅವರು ಪಾಪ, ಕನ್ನಡಕ ತೆಗೆದು ಒರೆಸಿಕೊಂಡು ಚೀಟಿಯನ್ನು ಮತ್ತೆ ಓದಿದರು.

ನಮ್ಮ ತಪ್ಪು ಎಷ್ಟು ಸರಳ ನೋಡಿ. ಹೊಸ ಬಾಟಲಿ ತುಂಬಿದಾಗಲೆಲ್ಲ ಹಳೆಯ ಬಾಟಲಿಯ ಜೊತೆ ಹೋಲಿಸುತ್ತಿದ್ದೆವು. ತುಸು ವ್ಯತ್ಯಾಸ ಇರುತ್ತಿತ್ತು. ಅಷ್ಟು ಇರುತ್ತೆ ಬಿಡಿ ಎನ್ನುತ್ತಿದ್ದೆವು. ನಿನ್ನೆಯ ಹಾಗೆ ಇದೆಯೇ ಎಂದಷ್ಟೇ ನೋಡಿದೆವು, ಸರಿಯಾಗಿದೆಯೇ ಎಂದು ನೋಡಲಿಲ್ಲ. ಹೀಗೆ ಬಾಟಲಿಯಿಂದ ಬಾಟಲಿಗೆ ನನ್ನ ಗ್ರಂಥಿ ಆರುತ್ತ ಹೋಯಿತು, ನಾವು ಅದಕ್ಕೆ ನಾರ್ಮಲ್ ಎಂದು ಚೀಟಿ ಅಂಟಿಸುತ್ತ ಹೋದೆವು. ರೋಗಿಗಳ ಮನೆಯವರು ಗಾಬರಿಯಾಗಬೇಡಿ. ನಿಮ್ಮವರ ಸಂಖ್ಯೆಗಳನ್ನು ಲೆಕ್ಕ ಹಾಕಿದ್ದು ಪರೀಕ್ಷೆಯ ಸಾಮಗ್ರಿ ಮಾಡುವ ಕಂಪನಿಯಿಂದ ಬಂದ ಬೇರೆಯೇ ಅಳತೆಗಳಿಂದ. ನನ್ನ ಬಾಟಲಿಯ ಕೆಲಸ ಯಂತ್ರವನ್ನು ಕಾಯುವುದು ಮಾತ್ರ. ಎಲ್ಲರ ವರದಿಯೂ ಸರಿಯಾಗಿತ್ತು, ಯಾರಿಗೂ ತೊಂದರೆಯಾಗಲಿಲ್ಲ. ವರದಿಯೇ ಇಲ್ಲದವಳು ನಾನೊಬ್ಬಳೇ.

ನಮ್ಮ ವೈದ್ಯರು ಅವತ್ತೇ ಗುಳಿಗೆ ಬರೆದುಕೊಟ್ಟರು. ಕೆಲವು ವಾರಗಳ ನಂತರ, ಕ್ಯಾಂಟೀನಿನವನು ಆರಿದ ಚಹಾ ಕೊಟ್ಟಾಗ ನಾನು ಅವನ ಮೇಲೆ ಕೂಗಿದೆ. ಇಡೀ ಕ್ಯಾಂಟೀನು ಎದ್ದು ನಿಂತು ನೋಡಿತು. ನಿರ್ದೇಶಕರು ಅವತ್ತು ರಜೆಯಲ್ಲಿದ್ದರು. ಮೈ ಬೆಚ್ಚಗಾಯಿತು, ಕೂದಲು ಉದುರುವುದು ನಿಂತಿತು, ಬೆಳಗ್ಗೆ ಏಳುವುದು ಸುಲಭವಾಯಿತು. ಎಲ್ಲರೂ ಸಂತೋಷಪಟ್ಟರು. ನನಗೂ ಸಂತೋಷವೇ. ಆಮೇಲೆ ಒಂದು ದಿನ ಕೋಟಿನ ತೋಳು ಗಿಡ್ಡ ಮಾಡಿಸಲು ಬಸ್ ನಿಲ್ದಾಣದ ಹತ್ತಿರದ ದರ್ಜಿಯಂಗಡಿಗೆ ಹೋದೆ. ಆತ ಹೊಲಿಗೆ ಯಂತ್ರ ತುಳಿಯಲು ಶುರು ಮಾಡಿದ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನನಗೆ ಅಳು ಬಂತು. ನಿಲ್ಲಿಸಲು ಆಗಲಿಲ್ಲ. ಆತ ಗಾಬರಿಯಾಗಿ, “ಯಾಕ್ ಮೇಡಂ, ತೋಳು ಜಾಸ್ತಿ ಗಿಡ್ಡ ಆಯ್ತಾ?” ಎಂದ. ಅಮ್ಮನಿಗಾಗಿ ನಾನು ಅತ್ತದ್ದು ಆ ಅಂಗಡಿಯ ಮೋಟು ಸ್ಟೂಲಿನ ಮೇಲೆ ಕೂತು, ಅವರು ಹೋಗಿ ಅಷ್ಟು ವರ್ಷಗಳಾದ ಮೇಲೆ. ತಂಗಿಗಾಗಿ ಅತ್ತದ್ದೂ ಅಲ್ಲೇ.

ಗುಳಿಗೆ ನನಗೆ ಆರೋಗ್ಯ ಕೊಟ್ಟಿತು ಎಂದು ನಮ್ಮ ವೈದ್ಯರು ಸಮ್ಮೇಳನಗಳಲ್ಲಿ ಹೇಳುತ್ತಾರೆ. ಅದರ ಜೊತೆಗೆ ಬಂದದ್ದನ್ನು ಹೇಳುವುದಿಲ್ಲ, ಅವರಿಗೆ ಗೊತ್ತಿಲ್ಲ. ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟರೆ ಮನೆ ನುಂಗಲು ಬರುತ್ತಿತ್ತು. ಒಂದು ತಟ್ಟೆ, ಒಂದು ಲೋಟ. ಯಾರ ಜೊತೆ ಮಾತಾಡಲಿ? ಯಾರ ಜೊತೆ ಜಗಳವಾಡಲಿ? ಇಷ್ಟು ದಿನ ಒಂಟಿಯಾಗಿದ್ದೆ, ಒಂಟಿ ಅನಿಸಿದ್ದು ವಾಸಿಯಾದ ಮೇಲೆ.

ತಂಗಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಬಾಟಲಿ, ಇಂಜಿನಿಯರು, ಸಂಖ್ಯೆ, ಗುಳಿಗೆ, ಎಲ್ಲ. ಅವಳು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ನಾರ್ಮಲ್ ಬಾಟಲಿಯ ಕಥೆಗೆ ನಕ್ಕಳು ಕೂಡ. ಆಮೇಲೆ ಕೇಳಿದಳು:

“ಹಾಗಾದ್ರೆ ಅವತ್ತು ಏನೂ ಅನ್ಸಲ್ಲ ಅಂದೋಳು ನೀನಲ್ಲ. ನಿನ್ನ ಥೈರಾಯ್ಡ್.”

“ಹೂಂ ಕಣೆ.”

“ಸರಿ. ಈಗ ಫೋನ್ ಮಾಡಿರೋದು ಯಾರಕ್ಕ? ನೀನಾ, ಗುಳಿಗೇನಾ?”

ವ್ಯಂಗ್ಯಕ್ಕೆ ಕೇಳಿದ ಪ್ರಶ್ನೆಯಲ್ಲ ಅದು. ಅವಳ ದನಿ ನನಗೆ ಗೊತ್ತು. ಅವಳೂ ಅದೇ ಗುಳಿಗೆ ನುಂಗಿ ಬದುಕುತ್ತಿರುವವಳು. ಅವಳಿಗೆ ಉತ್ತರ ಬೇಕಿತ್ತು. “ಗೊತ್ತಿಲ್ಲ” ಎಂದೆ. “ಗೊತ್ತಾದಾಗ ಮಾಡು” ಎಂದು ಫೋನ್ ಇಟ್ಟಳು.

ಉತ್ತರ ಗೊತ್ತಿಲ್ಲದಿದ್ದರೆ ಸಂಶೋಧಕರು ಏನು ಮಾಡುತ್ತಾರೆ? ಪ್ರಯೋಗ ಮಾಡುತ್ತಾರೆ. ನಾನು ಗುಳಿಗೆ ನಿಲ್ಲಿಸಿದೆ.

ವೈದ್ಯರೇ, ನನ್ನನ್ನು ಹಾಗೆ ನೋಡಬೇಡಿ. ಹೌದು, ಕಳೆದ ಚಳಿಗಾಲದಲ್ಲಿ ನಿಮ್ಮ ಕೋಣೆಗೆ ಬರದೆ ತಪ್ಪಿಸಿಕೊಂಡು ಓಡಾಡುತ್ತಿದ್ದದ್ದು ಅದಕ್ಕೇ. ಬೈಗುಳವನ್ನು ಊಟವಾದ ಮೇಲೆ ಕೊಡಿ. ರೋಗಿಗಳಿಗೆ ಕೈಮುಗಿದು ಹೇಳುತ್ತೇನೆ, ನೀವ್ಯಾರೂ ಹೀಗೆ ಮಾಡಬೇಡಿ. ಇದು ಅಪಾಯ, ಹುಚ್ಚುತನ. ನಾನು ಬಲ್ಲವಳಾಗಿ ಮಾಡಿದೆ, ಅದು ಇನ್ನೂ ದೊಡ್ಡ ಹುಚ್ಚುತನ. ಆದರೆ ನನ್ನ ಪ್ರಯೋಗಕ್ಕೆ ಬೇರೆ ದಾರಿ ಕಾಣಲಿಲ್ಲ. ಗುಳಿಗೆ ಇಲ್ಲದಾಗಲೂ ತಂಗಿ ಬೇಕು ಅನಿಸಿದರೆ ಫೋನ್ ಮಾಡಿದವಳು ನಾನು. ಅನಿಸದಿದ್ದರೆ ಗುಳಿಗೆ.

ವಾರಗಳು ಕಳೆದವು. ಚಳಿ ಮತ್ತೆ ಬಂತು, ಸ್ವೆಟರು ಬಂತು. ಪ್ರತಿ ಭಾನುವಾರ ಫೋನಿನ ಮುಂದೆ ಕೂತು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ: ಅವಳು ಬೇಕು ಅನಿಸುತ್ತದೆಯೇ? ಮೊದಮೊದಲು ಬಹಳ ಅನಿಸುತ್ತಿತ್ತು. ಆಮೇಲೆ ಸ್ವಲ್ಪ. ಆಮೇಲೆ ಒಂದು ಭಾನುವಾರ ಏನೂ ಅನಿಸಲಿಲ್ಲ. ಅವಳ ಮುಖ ನೆನಪಿತ್ತು, ದನಿ ನೆನಪಿತ್ತು. ನೋವು ಮಾತ್ರ ಇರಲಿಲ್ಲ. ಮನೆ ನುಂಗಲು ಬರುವುದೂ ನಿಂತಿತ್ತು.

ಫಲಿತಾಂಶ ಸ್ಪಷ್ಟವಾಗಿತ್ತು. ಫೋನ್ ಮಾಡಿದ್ದು ಗುಳಿಗೆ. ಈ ಉತ್ತರವನ್ನು ಅವಳಿಗೆ ಹೇಗೆ ಹೇಳಲಿ? ಅದಕ್ಕೇ ಇದುವರೆಗೂ ಫೋನ್ ಮಾಡಿಲ್ಲ. ಇವತ್ತಿನ ಕಾರ್ಯಕ್ರಮಕ್ಕೂ ಕರೆದಿಲ್ಲ. ಮುಂದಿನ ಸಾಲಿನಲ್ಲಿ ‘ಸನ್ಮಾನಿತರ ಕುಟುಂಬದವರಿಗೆ’ ಎಂದು ಬರೆದಿಟ್ಟ ಕುರ್ಚಿಗಳು ಖಾಲಿ ಇರುವುದನ್ನು ನೀವೆಲ್ಲ ನೋಡಿ ನೋಡದ ಹಾಗೆ ಕೂತಿದ್ದೀರಿ. ನಿಮ್ಮ ಸೌಜನ್ಯಕ್ಕೆ ಕೃತಜ್ಞತೆಗಳು.

ನನ್ನ ಕಾಗದದಲ್ಲಿ ಇಲ್ಲಿಂದ ಮುಂದೆ ವಂದನೆಗಳಿವೆ. ಗುಳಿಗೆಯನ್ನು ಮತ್ತೆ ಶುರು ಮಾಡಿದ್ದನ್ನಷ್ಟೇ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ವೈದ್ಯರಿಗೆ ಊಟ ಸೇರುವುದಿಲ್ಲ. ಆ ಭಾನುವಾರ ಕಳೆದ ಮೇಲೆ ಒಂದು ಬೆಳಗ್ಗೆ ಅಡುಗೆಮನೆಗೆ ಹೋದೆ. ಯಾವ ದುಃಖವೂ ಇರಲಿಲ್ಲ. ಹಾಗೇ ಇದ್ದುಬಿಡಬಹುದಿತ್ತು, ಅಷ್ಟು ಹಾಯಾಗಿತ್ತು. ಗುಳಿಗೆಯ ಡಬ್ಬಿ ಮೇಜಿನ ಮೇಲಿತ್ತು. ಅದನ್ನು ನುಂಗಿದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಮನೆ ಮತ್ತೆ ಖಾಲಿ ಅನಿಸುತ್ತದೆ, ಹೊಲಿಗೆ ಯಂತ್ರದ ಸದ್ದಿಗೆ ಮತ್ತೆ ಅಳು ಬರುತ್ತದೆ, ಅವಳು ಮತ್ತೆ ಬೇಕಾಗುತ್ತಾಳೆ. ಎಲ್ಲ ಗೊತ್ತಿತ್ತು. ಬಹಳ ಹೊತ್ತು ನಿಂತಿದ್ದೆ. ಆಮೇಲೆ ನೀರು ತೆಗೆದುಕೊಂಡು ನುಂಗಿದೆ.

ಯಾಕೆ ನುಂಗಿದೆ ಎಂದರೆ...

ಕ್ಷಮಿಸಿ. ಸ್ವಲ್ಪ ನೀರು ಕೊಡುತ್ತೀರಾ.

ಸಭಿಕರೇ, ನನ್ನ ಪ್ರಯೋಗದಲ್ಲಿ ಒಂದು ವಿಷಯವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇದನ್ನು ನಿಮ್ಮ ಮುಂದೆ ಬಾಯಿಬಿಟ್ಟು ಹೇಳುತ್ತಿರುವಾಗ ಈಗ ಕಾಣಿಸುತ್ತಿದೆ. ಆ ಬೆಳಗ್ಗೆ ನನ್ನ ಮೈಯಲ್ಲಿ ಗುಳಿಗೆ ಇರಲಿಲ್ಲ. ಗ್ರಂಥಿಯೂ ಮಲಗಿತ್ತು. ತಂಗಿ ಬೇಕು ಎಂಬ ಆಸೆ ಎಳ್ಳಷ್ಟೂ ಇರಲಿಲ್ಲ. ಆ ಆಸೆ ಮತ್ತೆ ಬರಲಿ, ಅವಳು ಮತ್ತೆ ಬೇಕಾಗಲಿ ಎಂದು ಕೈ ಚಾಚಿದವರು ಯಾರು? ಗುಳಿಗೆಯಲ್ಲ, ಅದು ಇನ್ನೂ ಮೇಜಿನ ಮೇಲಿತ್ತು.

ನಾನೇ.

ಇಷ್ಟೇ. ಅಧ್ಯಕ್ಷರಿಗೆ, ಅತಿಥಿಗಳಿಗೆ, ವೈದ್ಯರಿಗೆ, ನನ್ನ ಜೊತೆ ಆ ತಣ್ಣಗಿನ ಕೋಣೆಯಲ್ಲಿ ದುಡಿದ ಎಲ್ಲರಿಗೂ, ಇಷ್ಟು ಹೊತ್ತು ಹಸಿದುಕೊಂಡು ಕೇಳಿದ ನಿಮಗೂ ನಾನು ಋಣಿ. ಉಳಿದ ವಂದನೆಗಳನ್ನು ಕಾಗದದಿಂದ ಬೇರೆ ಯಾರಾದರೂ ಓದಿಬಿಡಿ. ನೀವೆಲ್ಲ ಊಟಕ್ಕೆ ನಡೆಯಿರಿ, ನನಗಾಗಿ ಕಾಯಬೇಡಿ. ನಾನು ಹೊರಗೆ ಹೋಗಿ ಒಂದು ಫೋನ್ ಮಾಡಬೇಕು. ನಮಸ್ಕಾರ.